ದೋಹಾದ ಮಹಡಿಮನೆಯಲ್ಲಿ ಗದ್ದೆಯ ಮೀನು

ಕತಾರಿಗೆ ಬರಲು ಸಿದ್ಧರಾಗುತ್ತಿರುವ ಯುವಕರು ನಮ್ಮಂಥವರನ್ನು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಸಂಬಳ, ಮನೆಬಾಡಿಗೆ, ಮಕ್ಕಳ ಶಾಲೆ ಇವುಗಳ ಸುತ್ತ ತಿರುಗುತ್ತವೆ. ಊರಿನಲ್ಲಿರುವ ಹಿರಿಯರು ಮಾತ್ರ ಬೇರೆಯದನ್ನೇ ಕೇಳುತ್ತಾರೆ: “ಅಲ್ಲಿ ನೀರು ಹೇಗೆ?” ಬಾವಿಯ ನೀರು ಕುಡಿದು ಬೆಳೆದವರಿಗೆ ಒಂದು ಊರಿನ ಒಳಿತು ಕೆಡುಕು ತಿಳಿಯುವುದು ಅಲ್ಲಿಯ ನೀರಿನಿಂದಲೇ. ಈ ದೇಶದಲ್ಲಿ ಒಂದೂ ನದಿಯಿಲ್ಲ, ವರ್ಷವಿಡೀ ಸುರಿಯುವ ಮಳೆ ಎಂಬತ್ತು ಮಿಲಿಮೀಟರನ್ನೂ ಮುಟ್ಟುವುದಿಲ್ಲ ಎಂದರೆ ಕುಂದಾಪುರದಲ್ಲಿರುವ ನನ್ನ ಅತ್ತೆಯವರು ನಂಬಲು ಸಿದ್ಧರಿರಲಿಲ್ಲ. ಅಷ್ಟು ಮಳೆ ನಮ್ಮ ಕಡೆ ಆಷಾಢದ ಒಂದು ಹಗಲಿನಲ್ಲಿ ಸುರಿದು ಹೋಗುತ್ತದೆ.

ಅತ್ತೆಯವರ ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ನನಗೆ ಕಲಿಸಿದ್ದು ಒಂದು ಮೀನು. ಅದರ ಉದ್ದ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಹೆಚ್ಚು.

ಮಗಳು ನಾಲ್ಕನೆಯ ತರಗತಿಗೆ ಬಂದ ವರ್ಷ ಮನೆಯಲ್ಲಿ ಒಂದು ಜೀವ ಬೇಕೆಂದು ಹಟ ಹಿಡಿದಳು. ಊರಿನಲ್ಲಿ ಅವಳಿಗೆ ಅಜ್ಜಿಮನೆಯ ನಾಯಿ, ಎರಡು ಕರು, ಲೆಕ್ಕವಿಲ್ಲದಷ್ಟು ಬೆಕ್ಕುಗಳು ಇದ್ದವು. ಇಲ್ಲಿ ಮನ್ಸೂರಾ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನ ಬಾಡಿಗೆ ಕರಾರಿನಲ್ಲಿ ನಾಯಿ ಬೆಕ್ಕುಗಳಿಗೆ ಅವಕಾಶವಿರಲಿಲ್ಲ. ಸೂಕ್ ವಾಕಿಫ್‌ನ ಪ್ರಾಣಿಪಕ್ಷಿಗಳ ಸಾಲಿನಲ್ಲಿ ಗಿಳಿ, ಮೊಲ, ಆಮೆಗಳ ನಡುವೆ ಸಣ್ಣ ಪ್ಲಾಸ್ಟಿಕ್ ಲೋಟಗಳಲ್ಲಿ ಒಂದೊಂದಾಗಿ ನಿಲ್ಲಿಸಿಟ್ಟ ಮೀನುಗಳನ್ನು ಕಂಡು ಅವಳು ಅಲ್ಲಿಂದ ಕದಲಲೇ ಇಲ್ಲ. ನಮ್ಮೂರಿನ ಅಂಗಡಿಗಳಲ್ಲಿ ಫೈಟರ್ ಮೀನು ಎಂದು ಕರೆಯುವ ಬೆಟ್ಟಾ ಅದು. ನವಿಲಿನ ಕುತ್ತಿಗೆಯ ನೀಲಿ, ರೇಷ್ಮೆಯ ಸೆರಗಿನಂತೆ ಇಳಿಬಿದ್ದ ಬಾಲ. ಮೀನಿನ ಬೆಲೆ ಹೋಟೆಲಿನ ಒಂದು ಊಟದಷ್ಟು. ನಾನು ಆ ದಿನ ಕೊಳ್ಳಲಿಲ್ಲ. ಯಾರನ್ನಾದರೂ ಬಲ್ಲವರನ್ನು ಕೇಳಿ, ಮನೆ ಸಿದ್ಧಮಾಡಿ, ಆಮೇಲೆ ತರೋಣ ಎಂದೆ. ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಬಲ್ಲವರು ಸಿಕ್ಕಿದ್ದು ಕರ್ನಾಟಕ ಸಂಘದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ. ಪುತ್ತೂರು ಕಡೆಯ ಹುಡುಗ, ಎಸಿ ದುರಸ್ತಿಯ ಕೆಲಸ. ಕುಟುಂಬ ವೀಸಾಕ್ಕೆ ಬೇಕಾದ ಸಂಬಳದ ಮಟ್ಟ ಅವನದಲ್ಲದ ಕಾರಣ ಹೆಂಡತಿ, ಮಗು ಊರಿನಲ್ಲಿ. ಅವನು ನಾಲ್ವರೊಡನೆ ಒಂದು ಕೋಣೆಯಲ್ಲಿ. ಇಲ್ಲಿ ಅದನ್ನು ಬೆಡ್ ಸ್ಪೇಸ್ ಎನ್ನುತ್ತಾರೆ: ಬಾಡಿಗೆ ಕೊಡುವುದು ಕೋಣೆಗಲ್ಲ, ಮಂಚಕ್ಕೆ. ಆ ಮಂಚದ ತಲೆಯ ಬದಿಯ ಹಲಗೆಯ ಮೇಲೆ ಅವನು ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಬೆಟ್ಟಾವನ್ನು ಸಾಕಿದ್ದ. “ಅಕ್ಕ, ಮೊದಲು ನೀರು ಸಾಕಿ, ಆಮೇಲೆ ಮೀನು ಸಾಕಿ” ಎಂದ. ಅಂದು ಅದು ಒಗಟಿನಂತೆ ಕೇಳಿಸಿತು. ಮುಂದಿನ ಒಂದು ತಿಂಗಳಲ್ಲಿ ಅದರ ಒಂದೊಂದು ಪದವೂ ಬಿಡಿಸಿಕೊಂಡಿತು.

ಈ ಮೀನಿನ ಬಗೆಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಹಬ್ಬಿದೆ. ಬೆಟ್ಟಾ ಲೋಟದಲ್ಲೂ ಬದುಕುತ್ತದೆ, ಅದಕ್ಕೆ ಹೆಚ್ಚು ನೀರು ಬೇಡ, ಏಕೆಂದರೆ ಅದರ ತವರಾದ ಥಾಯ್ಲೆಂಡಿನಲ್ಲಿ ಅದು ಕೆಸರಿನ ಹೊಂಡಗಳಲ್ಲಿ ವಾಸಿಸುತ್ತದೆ ಎನ್ನುತ್ತಾರೆ. ಲೋಟದಲ್ಲಿ ಅದು ಒಡನೆ ಸಾಯುವುದಿಲ್ಲ ಎಂಬುದು ನಿಜ. ಕಿವಿರುಗಳ ಜೊತೆಗೆ ಅದರ ತಲೆಯಲ್ಲಿ ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಒಂದು ಸುರುಳಿಯಂಥ ಅಂಗವಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಹೀರಿ ಹೋಗುತ್ತದೆ. ನಮ್ಮ ಗದ್ದೆಗಳ ಮಡೆಂಜಿ, ಮುಗುಡು ಮೀನುಗಳು ಕೆಸರಿನಲ್ಲಿ ಬದುಕುಳಿಯುವುದೂ ಇಂಥದೇ ಉಪಾಯದಿಂದ. ಆದರೆ ಬೆಟ್ಟಾದ ತವರು ಹೊಂಡವಲ್ಲ, ಗದ್ದೆ ಬಯಲು ಮತ್ತು ಜೌಗು. ನೀರಿನ ಆಳ ಮೊಣಕಾಲಿನಷ್ಟಿದ್ದರೂ ಹರವು ಕಣ್ಣು ಹಾಯುವಷ್ಟು. ಗಿಡಗಂಟಿ ತುಂಬಿದ, ನಿಂತಂತಿರುವ, ಬೆಚ್ಚನೆಯ ನೀರು. ನಮ್ಮ ಬೈಲುಗದ್ದೆಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಥಾಯ್ಲೆಂಡ್ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಜೀವಿಯೆಂದು ಘೋಷಿಸಿತು. ಅಂಥ ಗೌರವದ ಜೀವಿ ಲೋಟದಲ್ಲಿ ನಿಂತಿರುವುದನ್ನು ಕಂಡರೆ ಈಗ ನನಗೆ ಬೆಡ್ ಸ್ಪೇಸ್ ನೆನಪಾಗುತ್ತದೆ.

ಹಾಗಾದರೆ ಎಷ್ಟು ನೀರು? ಒಂದು ಬೆಟ್ಟಾಕ್ಕೆ ಐದು ಗ್ಯಾಲನ್, ಎಂದರೆ ಸುಮಾರು 19 ಲೀಟರ್ ಎಂಬುದು ಅನುಭವಿಗಳು ಸಾಮಾನ್ಯವಾಗಿ ಒಪ್ಪುವ ಅಳತೆ. ಹತ್ತು ಲೀಟರಿಗಿಂತ ಕೆಳಗೆ ಇಳಿಯಬಾರದು. ಕತಾರಿನಲ್ಲಿರುವವರಿಗೆ ಈ ಅಳತೆ ಕಣ್ಣೆದುರಿಗೇ ಇದೆ: ವಾರಕ್ಕೊಮ್ಮೆ ಮನೆಬಾಗಿಲಿಗೆ ಬರುವ ಕುಡಿಯುವ ನೀರಿನ ದೊಡ್ಡ ಕ್ಯಾನ್ ಸರಿಯಾಗಿ ಐದು ಗ್ಯಾಲನ್ನಿನದು. ಅಷ್ಟು ನೀರು ಹಿಡಿಯುವ, ಎತ್ತರಕ್ಕಿಂತ ಉದ್ದ ಹೆಚ್ಚಿರುವ ಗಾಜಿನ ತೊಟ್ಟಿಯನ್ನು ಆರಿಸಬೇಕು. ಗಾಳಿಗಾಗಿ ಪದೇ ಪದೇ ಮೇಲೆ ಬರುವ, ಉದ್ದ ಬಾಲದ ಭಾರ ಹೊತ್ತ ಮೀನಿಗೆ ಎತ್ತರದ ತೊಟ್ಟಿ ಮೆಟ್ಟಿಲಿಲ್ಲದ ಮಹಡಿಯಿದ್ದಂತೆ. ಮುಚ್ಚಳ ಅಗತ್ಯ, ಬೆಟ್ಟಾ ಹಾರುತ್ತದೆ. ಮುಚ್ಚಳಕ್ಕೂ ನೀರಿಗೂ ನಡುವೆ ಮೂರು ನಾಲ್ಕು ಬೆರಳಿನಷ್ಟು ಗಾಳಿಯ ಜಾಗ ಬಿಡಬೇಕು.

ಇನ್ನು ನೀರಿನ ಮಾತು. ಕತಾರಿನ ನಲ್ಲಿಗಳಲ್ಲಿ ಬರುವ ನೀರು ಬಹುತೇಕ ಪೂರ್ತಿಯಾಗಿ ಸಮುದ್ರದಿಂದ ಬಂದದ್ದು. ದೋಹಾದ ದಕ್ಷಿಣಕ್ಕೆ ರಾಸ್ ಅಬು ಫೊಂತಾಸ್ ಮತ್ತು ಉಮ್ ಅಲ್ ಹೌಲ್, ಉತ್ತರದಲ್ಲಿ ರಾಸ್ ಲಫ್ಫಾನ್: ಈ ಕಡಲತೀರದ ಸ್ಥಾವರಗಳಲ್ಲಿ ವಿದ್ಯುತ್ತಿನ ಜೊತೆಗೆ ನೀರೂ ತಯಾರಾಗುತ್ತದೆ. ಉಪ್ಪುನೀರನ್ನು ಕಾಯಿಸಿ, ಹಬೆಯನ್ನು ತಣಿಸಿ ಹಿಡಿಯುವುದು ಹಳೆಯ ವಿಧಾನ. ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಉಪ್ಪನ್ನು ಬೇರ್ಪಡಿಸುವುದು ಹೊಸತು. ಹೀಗೆ ಬಂದ ನೀರು ಎಷ್ಟು ನಿರ್ಮಲವೆಂದರೆ ಅದರಲ್ಲಿ ಖನಿಜಗಳೇ ಇರುವುದಿಲ್ಲ. ಹಾಗೆಯೇ ಬಿಟ್ಟರೆ ಅದು ಕೊಳವೆಗಳನ್ನು ತಿನ್ನುತ್ತದೆ, ನಾಲಗೆಗೂ ಸಪ್ಪೆ. ಆದ್ದರಿಂದ ಸುಣ್ಣದ ಅಂಶ ಮೊದಲಾದವನ್ನು ಮತ್ತೆ ಬೆರೆಸಿ, ಕ್ರಿಮಿನಾಶಕ ಸೇರಿಸಿ ಕಹ್ರಮಾ ಸಂಸ್ಥೆ ಊರಿಗೆ ಹಂಚುತ್ತದೆ. 2017ರ ದಿಗ್ಬಂಧನದ ನಂತರದ ವರ್ಷವೇ ಉದ್ಘಾಟನೆಗೊಂಡ ಬೃಹತ್ ಜಲಾಗಾರಗಳ ಬಗೆಗೆ ಇಲ್ಲಿರುವವರೆಲ್ಲರೂ ಕೇಳಿದ್ದಾರೆ. ಕಡಲು ಕಲುಷಿತಗೊಂಡರೆ, ಸ್ಥಾವರ ನಿಂತರೆ ದೇಶವೇ ಬಾಯಾರುತ್ತದೆ ಎಂಬ ಅರಿವಿನಿಂದ ಕಟ್ಟಿದವು ಅವು.

ಬೆಟ್ಟಾದ ದೃಷ್ಟಿಯಿಂದ ಈ ನೀರಿನಲ್ಲಿ ಎರಡು ಗುಣಗಳನ್ನು ಗಮನಿಸಬೇಕು. ಮೊದಲನೆಯದು ಕ್ರಿಮಿನಾಶಕ. ನಮಗೆ ರಕ್ಷೆಯಾದ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ನೀರನ್ನು ಒಂದು ರಾತ್ರಿ ತೆರೆದಿಟ್ಟರೆ ಬರಿಯ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಆದರೆ ಕ್ಲೋರಿನ್ ಅಮೋನಿಯಾದೊಡನೆ ಕೂಡಿದ ಕ್ಲೋರಮೈನ್ ಎಂಬ ರೂಪವೊಂದಿದೆ, ಅದು ಹಾಗೆ ಹಾರುವುದಿಲ್ಲ. ಯಾವುದಿದ್ದರೂ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ವಾಟರ್ ಕಂಡೀಷನರನ್ನು ಶೀಸೆಯ ಮೇಲೆ ಬರೆದ ಅಳತೆಯಂತೆ ಬೆರೆಸುವುದೇ ನಿಶ್ಚಿಂತೆಯ ದಾರಿ. ಎರಡನೆಯದು ಕ್ಷಾರಗುಣ. ನಮ್ಮ ಮನೆಯ ನಲ್ಲಿಯ ನೀರನ್ನು ಹನಿಪರೀಕ್ಷೆಯ ಕಿಟ್‌ನಿಂದ ನೋಡಿದಾಗಲೆಲ್ಲ ಪಿಎಚ್ 7.8ರಿಂದ 8ರ ನಡುವೆ ಬಂದಿದೆ. ಬೆಟ್ಟಾಕ್ಕೆ 6.5ರಿಂದ 7.5 ಹಿತವೆಂದು ಪುಸ್ತಕಗಳು ಹೇಳುತ್ತವೆ. ಇದನ್ನು ಓದಿದ ಕೂಡಲೇ ಹಲವರು ಪಿಎಚ್ ಇಳಿಸುವ ರಾಸಾಯನಿಕದ ಬಾಟಲಿ ಕೊಳ್ಳುತ್ತಾರೆ. ನನ್ನ ಮಾತು ಕೇಳುವುದಾದರೆ ಕೊಳ್ಳಬೇಡಿ. ಇಂದು 8, ನಾಳೆ 6.8, ನಾಡಿದ್ದು ಮತ್ತೆ 7.9 ಎಂದು ತೂಗಾಡುವ ನೀರಿಗಿಂತ ಸದಾ 7.8ರಲ್ಲಿ ನಿಂತ ನೀರು ಮೀನಿಗೆ ಎಷ್ಟೋ ವಾಸಿ. ಹಲವು ತಲೆಮಾರುಗಳಿಂದ ತೊಟ್ಟಿಗಳಲ್ಲೇ ಬೆಳೆದ ಬೆಟ್ಟಾ ಇಷ್ಟಕ್ಕೆ ಹೊಂದಿಕೊಳ್ಳುತ್ತದೆ. ತುಸು ಮೆದುವಾಗಿಸಬೇಕೆನಿಸಿದರೆ ಕಾಡುಬಾದಾಮಿಯ ಒಣ ಎಲೆಯೊಂದನ್ನು ನೀರಿನಲ್ಲಿ ಬಿಡಬಹುದು. ಊರಿನ ಶಾಲೆಯಂಗಳದಲ್ಲಿ ಉದುರಿ ಬಿದ್ದು, ಗುಡಿಸಿ ಸುಡುತ್ತಿದ್ದ ಅದೇ ದೊಡ್ಡ ಕೆಂಪು ಎಲೆ. ನೀರು ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಬೆಟ್ಟಾದ ತವರಿನ ನೀರಿನ ಬಣ್ಣವೂ ಅದೇ. ರಜೆಯಿಂದ ಹಿಂದಿರುಗುವಾಗ ಉಪ್ಪಿನಕಾಯಿ, ಹಪ್ಪಳಗಳ ನಡುವೆ ನಾನು ಹತ್ತಿಪ್ಪತ್ತು ಒಣ ಎಲೆಗಳನ್ನು ಇಟ್ಟುಕೊಳ್ಳುವುದನ್ನು ಕಂಡು ಅತ್ತೆಯವರಿಗೆ ಸೊಸೆಯ ಬುದ್ಧಿಯ ಮೇಲೆಯೇ ಸಂಶಯ ಬಂದಿತ್ತು.

ಕ್ಯಾನಿನ ಕುಡಿಯುವ ನೀರನ್ನೇ ಹಾಕಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಅದರಲ್ಲಿ ಖನಿಜಗಳು ಬಹಳ ಕಡಿಮೆಯಿರಬಹುದು. ಹಾಗಿದ್ದರೆ ಪಿಎಚ್‌ಅನ್ನು ಹಿಡಿದು ನಿಲ್ಲಿಸುವ ಶಕ್ತಿಯೂ ಆ ನೀರಿಗೆ ಇರುವುದಿಲ್ಲ, ಕೆಲವು ವಾರಗಳಲ್ಲಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಬಟ್ಟಿ ಇಳಿಸಿದಷ್ಟು ಶುದ್ಧ ಎಂಬ ಇನ್ನೊಂದು ನಂಬಿಕೆ ಇಲ್ಲಿ ಬಲವಾಗಿದೆ. ಅದನ್ನು ಕೇಳಿ ಪುತ್ತೂರಿನ ಹುಡುಗ ನಕ್ಕ. ದಿನವೂ ಆ ಯಂತ್ರಗಳ ಒಡಲು ಬಿಚ್ಚಿ ತೊಳೆಯುವವನು ಅವನು. “ಒಳಗಿನ ತಾಮ್ರದ ಸುರುಳಿಯ ಮೇಲೆ ಕೂತ ಧೂಳು, ಬೂಸ್ಟು ಎಲ್ಲ ಅದರಲ್ಲೇ ಇಳಿದು ಬರುವುದು ಅಕ್ಕ. ಗಿಡಕ್ಕೂ ನಾನು ಹಾಕುವುದಿಲ್ಲ” ಎಂದ.

ಈಗ ಕತಾರಿಗೇ ವಿಶಿಷ್ಟವಾದ ತೊಡಕಿಗೆ ಬರುತ್ತೇನೆ. ಬೆಟ್ಟಾಕ್ಕೆ ಬೇಕಾದ ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್. ಹೊರಗೆ 45 ಡಿಗ್ರಿಯ ಬಿಸಿಲಿರುವ ದೇಶದಲ್ಲಿ ಮೀನಿನ ತೊಟ್ಟಿಗೆ ಹೀಟರ್ ಬೇಕು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅಕ್ವೇರಿಯಂ ಅಂಗಡಿಯವನು ಹೀಟರನ್ನು ಕೈಗಿಟ್ಟಾಗ ನನ್ನ ಯಜಮಾನರೂ ಇದು ವ್ಯಾಪಾರದ ಚಮತ್ಕಾರವೆಂದೇ ತಿಳಿದರು. ಆದರೆ ಇಲ್ಲಿಯ ಬದುಕು ನಡೆಯುವುದು ಹೊರಗಿನ ಹವೆಯಲ್ಲಲ್ಲ, ಎಸಿಯ ಹವೆಯಲ್ಲಿ. ಮೇ ತಿಂಗಳಿನಿಂದ ಅಕ್ಟೋಬರ್ ವರೆಗೆ ಹಗಲಿರುಳೂ ಎಸಿ ಓಡುತ್ತದೆ, ಕೋಣೆ 21, 22 ಡಿಗ್ರಿಗೆ ಇಳಿದಿರುತ್ತದೆ. ತೊಟ್ಟಿಯ ನೀರು ಕೋಣೆಯ ಹವೆಯನ್ನೇ ಹಿಂಬಾಲಿಸುತ್ತದೆ. ಅಷ್ಟು ತಣ್ಣಗಿನ ನೀರಿನಲ್ಲಿ ಬೆಟ್ಟಾ ಆಹಾರ ಬಿಟ್ಟು ಮೂಲೆಯಲ್ಲಿ ಮಂಕಾಗಿ ನಿಲ್ಲುತ್ತದೆ, ರೋಗನಿರೋಧಕ ಶಕ್ತಿ ಕುಂದಿ ಬಿಳಿಚುಕ್ಕೆ, ರೆಕ್ಕೆಕೊಳೆಗಳಂಥ ಬಾಧೆಗಳಿಗೆ ತುತ್ತಾಗುತ್ತದೆ. ಪುತ್ತೂರಿನ ಹುಡುಗನ ಕೋಣೆಯಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಪಾಳಿಯಲ್ಲಿ ದುಡಿಯುವ ನಾಲ್ವರಲ್ಲಿ ಯಾರಾದರೊಬ್ಬರು ಸದಾ ಮಲಗಿರುತ್ತಿದ್ದರು, ಎಸಿ 18ರಿಂದ ಮೇಲೇರುತ್ತಿರಲಿಲ್ಲ. ಇದ್ದ ಎರಡೇ ಪ್ಲಗ್ಗುಗಳಲ್ಲಿ ಒಂದನ್ನು ಮೀನಿಗೆ ಬಿಟ್ಟುಕೊಡಲು ಉಳಿದ ಮೂವರನ್ನು ಅವನು ಒಪ್ಪಿಸಿದ್ದು ಹೇಗೋ ನಾನರಿಯೆ.

ಇಪ್ಪತ್ತು ಲೀಟರಿನ ತೊಟ್ಟಿಗೆ ಥರ್ಮೋಸ್ಟಾಟ್ ಇರುವ 25 ಅಥವಾ 50 ವ್ಯಾಟಿನ ಹೀಟರ್ ಸಾಕು. 26 ಡಿಗ್ರಿಗೆ ಗುರುತಿಟ್ಟು, ಹೀಟರಿನ ಮಾತನ್ನೇ ನಂಬದೆ ಬೇರೆಯದೊಂದು ಥರ್ಮಾಮೀಟರನ್ನು ಎದುರು ಮೂಲೆಯಲ್ಲಿ ಅಂಟಿಸಿಡಬೇಕು. ಊರಿನಿಂದ ಹೀಟರ್ ತರುವವರು ಇಲ್ಲಿಯ ಪ್ಲಗ್ ಮೂರು ಚಪ್ಪಟೆ ಕಡ್ಡಿಗಳ ಬ್ರಿಟಿಷ್ ಮಾದರಿಯದೆಂಬುದನ್ನು ಮರೆಯದಿರಲಿ. ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋಲುಬಿಟ್ಟು ಮೇಲೇರಿಸಿದರೆ, ಅದರ ಗುಂಟ ಜಾರಿದ ನೀರಿನ ಹನಿ ಪ್ಲಗ್ಗನ್ನು ಮುಟ್ಟದೆ ಅಲ್ಲೇ ತೊಟ್ಟಿಕ್ಕುತ್ತದೆ. ತೊಟ್ಟಿಯನ್ನು ಎಸಿಯ ಗಾಳಿ ನೇರವಾಗಿ ಬೀಸುವಲ್ಲಿಯೂ ಇಡಬಾರದು, ಪಶ್ಚಿಮದ ಕಿಟಕಿಯ ಬಳಿಯೂ ಇಡಬಾರದು. ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರುವುದು ಗಾಳಿಯನ್ನೇ ಉಸಿರಾಡುವ ಈ ಮೀನಿಗೆ ಬಹು ಮುಖ್ಯ. ಮುಚ್ಚಳದ ಇನ್ನೊಂದು ಪ್ರಯೋಜನ ಅದು.

ತೊಟ್ಟಿಯೊಳಗೆ ತಂಪಿನ ಭಯವಾದರೆ ನಲ್ಲಿಯಲ್ಲಿ ಬಿಸಿಯ ಭಯ. ಜುಲೈ ತಿಂಗಳಿನಲ್ಲಿ ದೋಹಾಕ್ಕೆ ಹೊಸದಾಗಿ ಬಂದವರಿಗೆ ಮೊದಲ ಪಾಠ ಬಚ್ಚಲಿನಲ್ಲಿ ಆಗುತ್ತದೆ. ಕಟ್ಟಡದ ಮೇಲಿನ ಟ್ಯಾಂಕು ಇಡೀ ದಿನ ಬಿಸಿಲಿನಲ್ಲಿ ಕಾಯುತ್ತದೆ. ತಣ್ಣೀರಿನ ನಲ್ಲಿಯನ್ನು ತಿರುಗಿಸಿದರೆ ಬಿಸಿನೀರು. ಅದಕ್ಕೇ ಬೇಸಿಗೆಯಲ್ಲಿ ಗೀಸರನ್ನು ಆರಿಸಿ, ಎಸಿಯ ತಂಪಿನಲ್ಲಿ ಆರಿದ ಗೀಸರಿನೊಳಗಿನ ನೀರನ್ನು ತಣ್ಣೀರಾಗಿ ಬಳಸುವ ವಿಲೋಮ ಪದ್ಧತಿ ಇಲ್ಲಿದೆ. ಒಮ್ಮೆ ಅಪರಾಹ್ನ ಅಳೆದಾಗ ನಮ್ಮ ‘ತಣ್ಣೀರು’ 43 ಡಿಗ್ರಿ ತೋರಿಸಿತು. ನೀರು ಬದಲಿಸಲೆಂದು ಅದನ್ನು ನೇರವಾಗಿ ತೊಟ್ಟಿಗೆ ಸುರಿದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಜನವರಿಯಲ್ಲಿ ಇದೇ ನಲ್ಲಿ ಊರಿನ ಮಾಗಿಯ ಬಾವಿನೀರಿಗಿಂತ ತಣ್ಣಗಿರುತ್ತದೆ.

ಪರಿಹಾರ ಸರಳ. ಹಿಂದಿನ ದಿನವೇ ಬಕೆಟಿನಲ್ಲಿ ನೀರು ಹಿಡಿದು, ಕಂಡೀಷನರ್ ಬೆರೆಸಿ, ಕೋಣೆಯೊಳಗೆ ಮುಚ್ಚಿಡುವುದು. ಸುರಿಯುವ ಮೊದಲು ಥರ್ಮಾಮೀಟರ್ ಅದ್ದಿ, ತೊಟ್ಟಿಯ ನೀರಿಗೂ ಬಕೆಟಿನ ನೀರಿಗೂ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರದಂತೆ ನೋಡಿಕೊಳ್ಳುವುದು. ಬೆಂಗಳೂರಿನಲ್ಲಿದ್ದಾಗ ಎರಡು ದಿನಕ್ಕೊಮ್ಮೆ ಬರುವ ಕಾವೇರಿಗಾಗಿ ಬಕೆಟುಗಳನ್ನು ಸಾಲಾಗಿಟ್ಟು ಹಿಡಿದಿಡುತ್ತಿದ್ದೆವು. ಇಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನಲ್ಲಿಯಲ್ಲಿ ನೀರಿದ್ದು ಮತ್ತೆ ಬಕೆಟಿನ ಮುಂದೆ ನಿಂತಿದ್ದೇನೆ.

ಹುಡುಗ ಹೇಳಿದ ‘ನೀರು ಸಾಕುವ’ ಮಾತಿನ ನಿಜವಾದ ಅರ್ಥ ಇನ್ನೂ ಬೇರೆ. ಮೀನಿನ ಮಲದಿಂದ, ಕಿವಿರಿನ ವಿಸರ್ಜನೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸುತ್ತವೆ, ಅದೂ ವಿಷ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ, ಇದು ಬಹಳ ಸೌಮ್ಯ. ವಾರಕ್ಕೊಮ್ಮೆ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಅವು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಕಾಲದಲ್ಲಿ ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಾಹಾರ ಹಾಕಿ ಕೊಳೆಯಬಿಟ್ಟು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಅಳೆಯುತ್ತ ಕಾಯಬೇಕು. ಪುಣ್ಯಕ್ಕೆ ಹುಡುಗ ತನ್ನ ತೊಟ್ಟಿಯ ಹಳೆಯ ಸ್ಪಂಜಿನ ಒಂದು ತುಂಡನ್ನು ಕತ್ತರಿಸಿ, ಅದೇ ನೀರು ತುಂಬಿದ ಡಬ್ಬಿಯಲ್ಲಿ ತಂದುಕೊಟ್ಟ. ಮೊಸರಿಗೆ ಹೆಪ್ಪು ಹಾಕಿದಂತೆ. ನಮ್ಮ ತೊಟ್ಟಿ ಹದಿನೆಂಟು ದಿನಗಳಲ್ಲಿ ಸಿದ್ಧವಾಯಿತು. ಹದಿನೆಂಟು ದಿನವೂ ಮಗಳು ಶಾಲೆಯಿಂದ ಬಂದವಳೇ ಬರಿಯ ನೀರಿನ ಮುಂದೆ ಕುಳಿತು ಹನಿಗಳನ್ನು ಎಣಿಸಿ, ಪರೀಕ್ಷಾನಳಿಕೆಯ ಬಣ್ಣವನ್ನು ಕಾಗದದ ಬಣ್ಣಕ್ಕೆ ಹೋಲಿಸಿ ನೋಟ್‌ಪುಸ್ತಕದಲ್ಲಿ ಬರೆದಿಟ್ಟಳು.

ಕತಾರಿನ ನೀರಿಗೆ ಈ ತಾಳ್ಮೆ ಇನ್ನೂ ಹೆಚ್ಚು ಬೇಕು ಎನ್ನುವುದಕ್ಕೆ ಕಾರಣವಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿ ಇರುತ್ತದೆ, ಅವುಗಳಲ್ಲಿ ಒಂದು ಮಾತ್ರ ಘೋರ ವಿಷ. ನೀರು ಹೆಚ್ಚು ಕ್ಷಾರವೂ ಬೆಚ್ಚಗೂ ಆದಷ್ಟು ಆ ವಿಷರೂಪದ ಪಾಲು ಏರುತ್ತದೆ. 28 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಇರುವುದಕ್ಕಿಂತ ಪಿಎಚ್ 8 ಇದ್ದಾಗ ಅದು ಸುಮಾರು ಒಂಬತ್ತು ಪಟ್ಟು ಹೆಚ್ಚು. ಊರಿನಲ್ಲಿ ಮೀನು ತಡೆದುಕೊಂಡ ಅಷ್ಟೇ ಕೊಳೆ ಇಲ್ಲಿ ಅದನ್ನು ಕೊಲ್ಲಬಹುದು. ‘ಊರಿನಲ್ಲಿ ಬಾಟಲಿಯಲ್ಲಿಟ್ಟು ಸಾಕಿದ್ದೆ, ಇಲ್ಲಿ ವಾರದಲ್ಲಿ ಸತ್ತಿತು’ ಎಂದು ಕೆಲವರು ಹೇಳುವುದರ ಹಿಂದೆ ಈ ಲೆಕ್ಕವೂ ಇರಬಹುದು.

ಫಿಲ್ಟರ್ ಮೆಲ್ಲನೆಯದಾಗಿರಲಿ. ಸಣ್ಣ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ಬಲವಾಗಿ ನೀರು ಚಿಮ್ಮಿಸುವ ಯಂತ್ರಗಳು ಉದ್ದಬಾಲದ ಬೆಟ್ಟಾವನ್ನು ದಣಿಸುತ್ತವೆ. ಸ್ಪಂಜನ್ನು ನಲ್ಲಿಯ ಕೆಳಗಲ್ಲ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು, ಇಲ್ಲವಾದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ವಾರಕ್ಕೆ ಕಾಲುಭಾಗ ನೀರು ಬದಲಾಯಿಸಿದರೆ ಸಾಕು. ಎಸಿಯ ಒಣಹವೆಯಲ್ಲಿ ನೀರು ಬೇಗ ಆರುತ್ತದೆ ಎಂದು ಮೇಲಿಂದ ಮೇಲೆ ತುಂಬಿಸುತ್ತ ಹೋಗುವುದು ಮಾತ್ರ ಸಾಲದು. ಆರುವುದು ನೀರು, ಖನಿಜವಲ್ಲ. ತೆಗೆಯದೆ ತುಂಬಿಸಿದರೆ ನೀರು ಗಡುಸಾಗುತ್ತಲೇ ಹೋಗುತ್ತದೆ. ತೆಗೆದ ನೀರನ್ನು ಚೆಲ್ಲಬೇಡಿ. ಕೊಳವೆಯಿಂದ ಕಾರು ತೊಳೆದರೆ ದಂಡ ವಿಧಿಸುವ ದೇಶವಿದು, 2012ರಿಂದ ‘ತರ್ಶೀದ್’ ಎಂಬ ಹೆಸರಿನಲ್ಲಿ ನೀರು ಮತ್ತು ವಿದ್ಯುತ್ತಿನ ಮಿತಬಳಕೆಯ ಅಭಿಯಾನವೂ ನಡೆದಿದೆ. ನಮ್ಮ ಬಾಲ್ಕನಿಯ ಕರಿಬೇವು ಮತ್ತು ತುಳಸಿಗೆ ಮೀನಿನ ನೀರೇ ಗೊಬ್ಬರ. ಮನ್ಸೂರಾದಲ್ಲಿ ಕರಿಬೇವು ಅಷ್ಟು ಸೊಂಪಾಗಿ ಬೆಳೆದಿರುವುದನ್ನು ಕಂಡ ನೆರೆಮನೆಯ ಮಲಯಾಳಿ ಚೇಚಿ ಗುಟ್ಟು ಕೇಳಿಕೊಂಡು ಹೋಗಿದ್ದಾರೆ.

ಕೊನೆಗೆ ಬಂದ ನೀಲಿ ಮೀನಿಗೆ ಮಗಳು ಇಟ್ಟ ಹೆಸರು ಮಯೂರ. ಮೊದಲ ವಿಡಿಯೋ ಕರೆಯಲ್ಲಿ ಅವನ ದರ್ಶನ ಪಡೆದ ಅತ್ತೆಯವರು ಬಹಳ ಹೊತ್ತು ನೋಡಿ, “ಸಾರು ಮಾಡ್ಲಿಕ್ಕೂ ಆಗದ ಮೀನಿಗೆ ಇಷ್ಟು ಉಪಚಾರವಾ ಮಗಾ?” ಎಂದರು. ದೋಹಾದ ಮೀನು ಮಾರುಕಟ್ಟೆಯ ಹಮೂರ್, ಅಂಜಲ್‌ಗಳ ಬೆಲೆಯನ್ನು ಪ್ರತಿ ವಾರ ತಪ್ಪದೆ ವಿಚಾರಿಸುವವರು ಅವರು. ಈಗ ಕರೆ ಮಾಡಿದಾಗಲೆಲ್ಲ ಮೊಮ್ಮಗಳಿಗಿಂತ ಮೊದಲು ಮಯೂರ ತಿಂದನೇ ಎಂದು ಕೇಳುತ್ತಾರೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಅವನು ನೀರಿನ ಮೇಲೆ ಸಣ್ಣ ಗುಳ್ಳೆಗಳ ನೊರೆಗೂಡು ಕಟ್ಟಿದ. ಮೊಟ್ಟೆಗಳನ್ನು ಇಡಲು ಗಂಡು ಬೆಟ್ಟಾ ಕಟ್ಟುವ ಗೂಡು ಅದು. ಹೆಣ್ಣಿಲ್ಲದಿದ್ದರೂ ಕಟ್ಟುತ್ತದೆ. ನೀರು ಉತ್ತಮವಾಗಿದೆ ಎಂಬುದಕ್ಕೆ ಅದೇ ಪ್ರಮಾಣಪತ್ರವಲ್ಲ, ಕೆಟ್ಟ ನೀರಿನಲ್ಲೂ ಕಟ್ಟುವುದುಂಟು ಎಂದು ಹುಡುಗ ಎಚ್ಚರಿಸಿದ. ಹನಿಪರೀಕ್ಷೆಯನ್ನು ನಾವು ನಿಲ್ಲಿಸಲಿಲ್ಲ.

ಗಲ್ಫಿನಲ್ಲಿ ಪ್ರಾಣಿ ಸಾಕುವವರಿಗೆ ದೊಡ್ಡ ಪ್ರಶ್ನೆ ವರ್ಷದ ರಜೆ. ಜುಲೈ, ಆಗಸ್ಟಿನಲ್ಲಿ ಶಾಲೆಗಳಿಗೆ ರಜೆ, ಎಲ್ಲರೂ ಊರಿಗೆ. ಮನೆ ಬೀಗ ಹಾಕಿ ಎಸಿ ಆರಿಸಿದರೆ ಫ್ಲ್ಯಾಟು ಒಲೆಯಾಗುತ್ತದೆ. ಬೆಟ್ಟಾ ನಾಲ್ಕೈದು ದಿನದ ಉಪವಾಸವನ್ನು ಲೀಲಾಜಾಲವಾಗಿ ಸಹಿಸುತ್ತದೆ, ಒಂದು ತಿಂಗಳನ್ನಲ್ಲ. ರಜೆಗೆಂದು ಮಾರುವ ಕರಗುವ ಆಹಾರದ ಬಿಲ್ಲೆಗಳು ಸಣ್ಣ ತೊಟ್ಟಿಯ ನೀರನ್ನು ಕೆಡಿಸುತ್ತವೆ. ಕಳೆದ ವರ್ಷ ನಾವು ಮೂವತ್ತು ದಿನ ಊರಿಗೆ ಹೋದಾಗ ಹಾಲ್‌ನ ಎಸಿಯನ್ನು 27ರಲ್ಲಿ ಬಿಟ್ಟು, ಕೀಲಿಯನ್ನು ಹುಡುಗನ ಕೈಗೆ ಕೊಟ್ಟೆವು. ಮಾತ್ರೆಯ ಡಬ್ಬಿಯ ಒಂದೊಂದು ಖಾನೆಯಲ್ಲಿ ಒಂದೊಂದು ಹೊತ್ತಿಗೆ ನಾಲ್ಕು ಕಾಳು ಆಹಾರ ಎಣಿಸಿಟ್ಟಿದ್ದೆ. ಪ್ರೀತಿಯಿಂದ ಹೆಚ್ಚು ಹಾಕುವವರ ಕೈಯಲ್ಲಿಯೇ ಮೀನುಗಳು ಹೆಚ್ಚು ಸಾಯುವುದು. ಅವನು ಎರಡು ದಿನಕ್ಕೊಮ್ಮೆ ಡ್ಯೂಟಿ ಮುಗಿಸಿ ಬರುತ್ತಿದ್ದ. ಬಂದಾಗ ಒಂದು ಗಂಟೆ ಸುಮ್ಮನೆ ಸೋಫಾದಲ್ಲಿ ಕೂತು ಹೋಗುತ್ತಿದ್ದೆನೆಂದು ಆಮೇಲೆ ಹೇಳಿದ. ನಾಲ್ವರ ಕೋಣೆಯಲ್ಲಿ ಇರುವವನಿಗೆ ಒಂದು ಗಂಟೆಯ ಏಕಾಂತ ಎಂದರೆ ಏನೆಂದು ಇಲ್ಲಿಗೆ ಬರಲಿರುವವರು ತಿಳಿದಿರಬೇಕು.

ಈ ವರ್ಷ ಜುಲೈನಲ್ಲಿ ಅವನ ಕೆಲಸದ ಕರಾರು ಮುಗಿಯಿತು. ಊರಿಗೇ ಹೋಗಿ ನೆಲೆಸುವುದೆಂದು ನಿರ್ಧರಿಸಿದ. ಮಗುವಿಗೆ ಐದು ವರ್ಷ, ಅಪ್ಪನನ್ನು ಫೋನಿನಲ್ಲಷ್ಟೇ ಬಲ್ಲದು. “ಅಕ್ಕ, ಕೆಂಪನನ್ನು ನೀವು ಇಟ್ಟುಕೊಳ್ಳುವಿರಾ?” ಎಂದು ಕೇಳುವಾಗ ಅವನ ಸ್ವರ ಸ್ವಲ್ಪ ಬೇರೆಯಾಗಿತ್ತು. ಎರಡು ಗಂಡು ಬೆಟ್ಟಾಗಳು ಒಂದೇ ತೊಟ್ಟಿಯಲ್ಲಿ ಇದ್ದರೆ ಸಾಯುವವರೆಗೆ ಕಾದಾಡುತ್ತವೆ, ಆದ್ದರಿಂದ ತೊಟ್ಟಿಯ ಸಮೇತ ತರಬೇಕು. ಬೇಸಿಗೆಯಲ್ಲಿ ಬೆಳಗಿನ ಹತ್ತರಿಂದ ಅಪರಾಹ್ನ ಮೂರೂವರೆಯವರೆಗೆ ಬಿಸಿಲಿನಲ್ಲಿ ದುಡಿಸುವುದನ್ನು ಇಲ್ಲಿಯ ಕಾನೂನೇ ನಿಷೇಧಿಸಿದೆ; ನಿಂತ ಕಾರಿನೊಳಗಿನ ಕಾವು ಅದಕ್ಕೂ ಮಿಗಿಲು. ಮಗ್ರಿಬ್ ಬಾಂಗ್ ಆದ ಮೇಲೆ ಹೊರಟೆವು. ಕಾರಿನ ಎಸಿಯನ್ನು ಹತ್ತು ನಿಮಿಷ ಮೊದಲೇ ಓಡಿಸಿ, ಅರ್ಧ ನೀರು ಅರ್ಧ ಗಾಳಿಯಿರುವ ಮುಚ್ಚಿದ ಡಬ್ಬಿಯಲ್ಲಿ ಕೆಂಪನನ್ನು ಮಗಳು ಮಡಿಲಲ್ಲಿಟ್ಟುಕೊಂಡಳು. ಫಿಲ್ಟರಿನ ಸ್ಪಂಜನ್ನು ಒದ್ದೆಯಾಗಿಯೇ ಇನ್ನೊಂದು ಡಬ್ಬಿಯಲ್ಲಿ ತಂದೆವು. ಹುಡುಗ ತೊಟ್ಟಿಯನ್ನು ತಾನೇ ಹೊತ್ತು ತಂದು, ಜೋಡಿಸಿ, ನೀರು ತುಂಬಿಸಿ, 26 ಡಿಗ್ರಿ ತೋರಿಸುವವರೆಗೆ ಕೂತಿದ್ದು, ರಾತ್ರಿ ಹನ್ನೊಂದಕ್ಕೆ ಹೊರಟ. ಎರಡು ತೊಟ್ಟಿಗಳ ನಡುವೆ ಈಗ ಒಂದು ರಟ್ಟಿನ ತಟ್ಟೆ ನಿಂತಿದೆ. ಪರಸ್ಪರ ಕಂಡರೆ ಇಬ್ಬರೂ ದಿನವಿಡೀ ಕಿವಿರು ಅರಳಿಸಿಕೊಂಡು ದಣಿಯುತ್ತಾರೆ. ಕೆಂಪನಿಗೆ ಮೂರು ವರ್ಷ ದಾಟಿದೆ. ಬೆಟ್ಟಾಗಳ ಪಾಲಿಗೆ ಅದು ಇಳಿವಯಸ್ಸು, ಊಟ ನಿಧಾನ.

ಶುಕ್ರವಾರಗಳಂದು ಪುತ್ತೂರಿನಿಂದ ಕರೆ ಬರುತ್ತದೆ. ಕಳೆದ ವಾರ ಅವನು ಅಲ್ಲಿಯೇ ಹೊಸ ತೊಟ್ಟಿಯೊಂದನ್ನು ಕೊಂಡು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾವಿಯ ನೀರನ್ನು ಪರೀಕ್ಷಿಸಿದ ಚಿತ್ರ ಕಳುಹಿಸಿದ್ದ. ಮುರಕಲ್ಲಿನ ನೆಲದ ಬಾವಿ, ಮೆದುವಾದ ನೀರು, ಹನಿ ಹಳದಿಗೆ ತಿರುಗಿತ್ತು, ಪಿಎಚ್ 6. ಇಲ್ಲಿಯ 8ರ ನೀರಿನಲ್ಲಿ ಪಳಗಿದವನಿಗೆ ಅಲ್ಲಿ ಏನು ಮಾಡುವುದೆಂದು ತೋಚಲಿಲ್ಲ. “ಏನು ಹಾಕಲಿ ಅಕ್ಕ?” ಎಂದು ಕೇಳಿದ. ಮರುವಾಯಿಯ ಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಕುದಿಸಿ, ಎರಡೇ ಎರಡನ್ನು ತೊಟ್ಟಿಯ ಅಡಿಯಲ್ಲಿಟ್ಟು ವಾರ ಬಿಟ್ಟು ಮತ್ತೆ ಅಳೆದು ನೋಡಲು ಹೇಳಿದೆ. ಚಿಪ್ಪಿನ ಸುಣ್ಣ ನಿಧಾನವಾಗಿ ಕರಗಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ಮೀನು ಇನ್ನೂ ತಂದಿಲ್ಲವಂತೆ. ಮಗು ಬರಿಯ ನೀರಿನ ಮುಂದೆ ಕೂತಿದೆ.